ಅವಳು ಯಾರೆಂದು ಮೂರನೆಯವರನ್ನು ಕೇಳಿದ್ದು

ಆ ನೀಲಿ ಗುಂಡಿಯನ್ನು ಕೂರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೈಯಬೇಕಾದವರ ಪಟ್ಟಿ ಉದ್ದವಿದೆ, ಅದರಲ್ಲಿ ನನ್ನ ಹೆಸರನ್ನು ಜಾಣತನದಿಂದ ಬಿಟ್ಟುಬಿಟ್ಟೆ ಎಂದು ಯಾರೂ ಅನ್ನಬಾರದು.

ನನ್ನ ಮನೆ ನಾಗಸಂದ್ರದಲ್ಲಿ, ಕೆಲಸ ಕುಂದಲಹಳ್ಳಿಯಲ್ಲಿ. ಮೆಟ್ರೋದಲ್ಲಿ ಊರನ್ನು ಆ ತುದಿಯಿಂದ ಈ ತುದಿಗೆ ಸೀಳಿಕೊಂಡು ಹೋಗಿ ಬರುತ್ತೇನೆ. ನಮ್ಮದು ಸಣ್ಣ ಕಂಪನಿ, ಗಾಜಿನ ಕಟ್ಟಡದಲ್ಲಿ ಅರ್ಧ ಮಹಡಿ ನಮ್ಮದು, ಜಂಬ ಮಾತ್ರ ಪೂರ್ತಿ ಕಟ್ಟಡದ್ದು. ಪೀಣ್ಯದಲ್ಲಿ ಕಾರ್ಖಾನೆ ಕೆಲಸಗಾರರಿಗೆ ಸಂಜೆ ಎರಡು ಗಂಟೆ ವೆಲ್ಡಿಂಗ್ ಕಲಿಸುವ ಒಂದು ತರಬೇತಿ ಕೇಂದ್ರವಿದೆ. ಅದಕ್ಕೆ ನಾವು ವೆಬ್‌ಸೈಟ್ ಮಾಡಿಕೊಟ್ಟಿದ್ದೆವು. ಕಲಿಯುವವರು ಒಳಗೆ ಬಂದಾಗ ತಮ್ಮ ಫೋನಿನಲ್ಲಿ ಅದನ್ನು ತೆರೆದು ಒತ್ತಬೇಕು, ಹೋಗುವಾಗ ಮತ್ತೊಮ್ಮೆ ಒತ್ತಬೇಕು. ಕಲಿತ ಗಂಟೆಗಳು ತಾವೇ ಸೇರಿಕೊಳ್ಳುತ್ತವೆ. ಗಂಟೆಗಳು ಭರ್ತಿಯಾದವರ ಹೆಸರು ತಾನೇ ಪರೀಕ್ಷೆಯ ಪಟ್ಟಿಗೆ ಏರುತ್ತದೆ. ಪರೀಕ್ಷೆ ಆರು ತಿಂಗಳಿಗೊಮ್ಮೆ. ಪಾಸಾದವರು ವೆಲ್ಡರ್. ಆಗದವರು, ಪಟ್ಟಿಯಲ್ಲೇ ಇಲ್ಲದವರು, ಬೇರೆಯವರ ವೆಲ್ಡಿಂಗ್ ಮೇಲೆ ಕಟ್ಟಿದ ಕಪ್ಪು ಪದರವನ್ನು ಸುತ್ತಿಗೆಯಿಂದ ಕುಟ್ಟಿ ತೆಗೆಯುವ ಹೆಲ್ಪರ್‌ಗಳಾಗಿಯೇ ಉಳಿಯುತ್ತಾರೆ.

ಮೊದಲು ಒಳಗೆ ಬರಲು ಫೋನ್ ನಂಬರ್ ಹಾಕಿದರೆ ಓಟಿಪಿ ಬರುತ್ತಿತ್ತು. ಕೇಂದ್ರದ ಮೇಲಿರುವುದು ತಗಡಿನ ಸೂರು. ಅಕ್ಕಪಕ್ಕ ಪ್ರೆಸ್ ಮಷೀನುಗಳ ಶೆಡ್ಡುಗಳು. ಓಟಿಪಿ ಒಮ್ಮೊಮ್ಮೆ ಬರುತ್ತಿರಲಿಲ್ಲ, ಬಂದರೂ ಕ್ಲಾಸು ಅರ್ಧ ಮುಗಿದ ಮೇಲೆ ಬರುತ್ತಿತ್ತು. ಅದಕ್ಕೆ ನಮ್ಮ ಮ್ಯಾನೇಜರ್ ಒಂದು ಉಪಾಯ ತಂದ. ಫೋನುಗಳಲ್ಲಿ ಆಗಲೇ ಒಂದು ದೊಡ್ಡ ವಿದೇಶಿ ಕಂಪನಿಯ ಖಾತೆ ಇರುತ್ತದಲ್ಲ, ಬಂದವರು ಯಾರು ಎಂದು ನಾವು ಕೇಳುವುದು ಬೇಡ, ಆ ಕಂಪನಿಯನ್ನೇ ಕೇಳೋಣ, ಅದು ಹೌದು ಅಂದರೆ ಒಳಗೆ ಬಿಡೋಣ. ನಮ್ಮ ಕಡೆ ಇದಕ್ಕೆ ಮೂರನೆಯವರ ಲಾಗಿನ್ ಎನ್ನುತ್ತಾರೆ.

"ಇವತ್ತು ಯಾರ್ ಕೈಲಿ ಫೋನಿಲ್ಲ ಹೇಳಿ? ಫೋನಿದ್ರೆ ಅಕೌಂಟ್ ಇದ್ದೇ ಇರುತ್ತೆ. ಒಂದೇ ಬಟನ್, ಸೀದಾ ಒಳಗೆ. ಎರಡು ವಾರದಲ್ಲಿ ಆಗ್ಬೇಕು" ಎಂದ.

ನಾನು ಒಂಬತ್ತು ದಿನದಲ್ಲಿ ಆ ನೀಲಿ ಗುಂಡಿ ಕೂರಿಸಿದೆ. ಅದರ ಮೇಲೆ ನನ್ನ ಸ್ವಂತ ಬುದ್ಧಿಯನ್ನೂ ಒಂದಿಷ್ಟು ಸುರಿದೆ. ಪೀಣ್ಯದ ಕೆಲಸಗಾರರು ಹೊಸ ಆಫರ್ ಬಂದಾಗಲೆಲ್ಲ ಸಿಮ್ ಬದಲಿಸುತ್ತಾರೆ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಹಳೆಯ ದಾಖಲೆಯನ್ನು ಹೊಸ ಖಾತೆಗೆ ಕಟ್ಟುವಾಗ ಒಂದು ನಿಯಮ ಬರೆದೆ: ಒಂದೇ ಇಮೇಲ್‌ಗೆ ಎರಡು ಫೋನ್ ನಂಬರ್ ಬಂದರೆ, ಅದೇ ಮನುಷ್ಯ ಸಿಮ್ ಬದಲಿಸಿದ್ದಾನೆ ಎಂದು ತಿಳಿದು ಎರಡೂ ದಾಖಲೆಗಳನ್ನು ಒಂದು ಮಾಡು. ಪಾಪ, ಯಾರ ಗಂಟೆಯೂ ಕಳೆದುಹೋಗಬಾರದು ಎಂಬ ಕಾಳಜಿ ನನ್ನದು. ಮೀಟಿಂಗಿನಲ್ಲಿ ಇದಕ್ಕೆ ಚಪ್ಪಾಳೆಯೂ ಬಿತ್ತು. ಆ ಚಪ್ಪಾಳೆ ನೆನಪಾದರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ.

ಮೂರು ತಿಂಗಳು ಯಾರೂ ಉಸಿರೆತ್ತಲಿಲ್ಲ. ಎಲ್ಲರೂ ಸಲೀಸಾಗಿ ಒಳಗೆ ಬರುತ್ತಿದ್ದಾರೆ ಎಂದು ಮ್ಯಾನೇಜರ್ ಎಲ್ಲರಿಗೂ ಗ್ರಾಫ್ ತೋರಿಸಿಕೊಂಡು ಓಡಾಡಿದ.

ಒಂದು ಬುಧವಾರ ಕೆಲಸ ಮುಗಿಸಿ ಮೆಟ್ರೋದಲ್ಲಿ ಬರುತ್ತಿದ್ದಾಗ ಕೇಂದ್ರದ ಮೇಷ್ಟ್ರ ಫೋನ್ ಬಂತು. ಅವರು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡರ್ ಆಗಿದ್ದು ನಿವೃತ್ತರಾದವರು. ಅವರ ದನಿ ಯಾವಾಗಲೂ ಶಾಂತ, ಅವತ್ತು ಅತಿಯಾಗಿ ಶಾಂತವಾಗಿತ್ತು.

"ನೋಡಮ್ಮ, ಪಟ್ಟಿ ಬಂದಿದೆ. ನಿಮ್ಮ ಲೆಕ್ಕದ ಪ್ರಕಾರ ಇಲ್ಲೊಬ್ಬ ಒಂದೇ ಸಂಜೆ ಇಪ್ಪತ್ತು ಗಂಟೆ ವೆಲ್ಡಿಂಗ್ ಕಲ್ತಿದಾನೆ. ನಮ್ಮ ಕ್ಲಾಸೇ ಎರಡು ಗಂಟೆ. ಇಳಿದ ತಕ್ಷಣ ಒಂದ್ ಸಲ ಬಂದ್ಹೋಗ್ತೀಯಾ?"

ಹೋದೆ. ಗೋಡೆಗೆ ಅಂಟಿಸಿದ ಪಟ್ಟಿಯ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತರ ಆಸುಪಾಸು, ಕೊಪ್ಪಳದ ಕಡೆಯವಳು. ಸೀರೆಯ ಮೇಲೆ ಗಂಡಸರ ಖಾಕಿ ಶರ್ಟು ತೊಟ್ಟು ತೋಳಿನ ಗುಂಡಿ ಹಾಕಿಕೊಂಡಿದ್ದಳು, ಮೈಗೆ ಕಿಡಿ ಹಾರದಿರಲಿ ಎಂದು. ಮೂರು ವರ್ಷದಿಂದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಹೆಲ್ಪರ್. ಒಂದು ವರ್ಷದಿಂದ ಸಂಜೆ ಒಂದು ಕ್ಲಾಸೂ ತಪ್ಪಿಸದೆ ಇಲ್ಲಿ ಬರುತ್ತಿದ್ದಳು. ಈ ಸಲದ ಪಟ್ಟಿಯಲ್ಲಿ ಇರಬೇಕಾದ ಒಂದೇ ಒಂದು ಹೆಂಗಸಿನ ಹೆಸರು ಅವಳದು. ಅದು ಇರಲಿಲ್ಲ. ಅದರ ಜಾಗದಲ್ಲಿ ಒಬ್ಬ ಗಂಡಸಿನ ಹೆಸರಿತ್ತು. ಅವನು ಎರಡೇ ದಿನ ಕ್ಲಾಸಿಗೆ ಬಂದು, ಹೊಗೆ ಆಗುವುದಿಲ್ಲ ಎಂದು ಬಿಟ್ಟು, ಊರಿಗೆ ಹೊರಟುಹೋಗಿದ್ದ.

"ಅಕ್ಕಾರ, ನನ್ ತಾಸೆಲ್ಲಾ ಎಲ್ಲಿ ಹೋದವ್ರೀ?" ಎಂದಳು.

ಅವಳ ಫೋನ್ ಇಸಿದುಕೊಂಡು ನೋಡಿದೆ. ಒಳಗಿದ್ದ ಖಾತೆ ನಾಗಸಂದ್ರದ ಒಂದು ಮೊಬೈಲ್ ಅಂಗಡಿಯದು. ಕ್ಲಾಸಿನಲ್ಲಿದ್ದ ಮಿಕ್ಕವರ ಫೋನುಗಳನ್ನೂ ನೋಡಿದೆ. ಇನ್ನೂ ಒಂಬತ್ತು ಫೋನಿನಲ್ಲಿ ಅದೇ ಅಂಗಡಿ. ಊರಿಗೆ ಹೋದವನೂ ಸೇರಿ ಹನ್ನೊಂದು ಜನ. ಆ ವಿದೇಶಿ ಕಂಪನಿಯ ಕಣ್ಣಿಗೆ ಹನ್ನೊಂದು ಜನವೂ ಒಬ್ಬರೇ. ನನ್ನ ಕಾಳಜಿಯ ನಿಯಮ ಇವರೆಲ್ಲ ಸಿಮ್ ಬದಲಿಸಿದ ಒಬ್ಬನೇ ಮನುಷ್ಯ ಎಂದು ತಿಳಿದು, ಮೊದಲು ಗುಂಡಿ ಒತ್ತಿ ಊರಿಗೆ ಹೋದವನ ಹೆಸರಿಗೆ ಎಲ್ಲರ ಗಂಟೆಗಳನ್ನೂ ಸುರಿದಿತ್ತು.

"ಇಷ್ಟು ದಿನ ಇದರಲ್ಲಿ ಅಂಗಡಿ ಹೆಸರು ಬರ್ತಿತ್ತಲ್ಲ, ನಿಮಗೆ ಅನುಮಾನ ಬರ್ಲಿಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಫೋನ್ ಅಂಗಡ್ಯಾಗ ತಗೊಂಡಿದ್ದಲ್ರೀ. ಎಲ್ಲಿ ಒತ್ತಿದ್ರೂ ಅಂಗಡಿ ಹೆಸರ ಬರ್ತೈತಿ. ಹಂಗ ಇರ್ತೈತೇನೋ ಅನ್ಕೊಂಡೆ" ಎಂದಳು. ಆಮೇಲೆ ಪಟ್ಟಿಯ ಕಡೆ ತಿರುಗಿ, "ನಾನ್ ಯಾರು ಅಂತ ಆ ಕಂಪನಿಯವ್ರಿಗೆ ಹೆಂಗ್ ಗೊತ್ತಾಗ್ಬೇಕ್ರೀ? ಅವ್ರು ನನ್ನ ನೋಡ್ಯಾರೇನು?" ಎಂದು ಕೇಳಿದಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ನಾನು ನೋಡಿದೀನಮ್ಮ. ಒಂದು ವರ್ಷದಿಂದ ದಿನಾ ನೋಡ್ತಿದೀನಿ. ನನ್ನನ್ನ ಯಾರೂ ಕೇಳ್ಲಿಲ್ಲ" ಎಂದರು.

ಪರೀಕ್ಷೆ ಶನಿವಾರ. ಪಟ್ಟಿ ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ. ಉಳಿದ ಒಂಬತ್ತು ಜನ ಹೊಸಬರು, ಅವರಿಗೆ ಮುಂದಿನ ಸಲದ ತನಕ ಸಮಯವಿತ್ತು. ಅವಳಿಗೆ ಇದ್ದದ್ದು ಎರಡು ದಿನ.

ಗುರುವಾರ ಬೆಳಿಗ್ಗೆ ಆ ಮೊಬೈಲ್ ಅಂಗಡಿಯವನ ಮೇಲೆ ಜಗಳಕ್ಕೇ ಹೋದೆ. ಅವನು ನನ್ನನ್ನು ಕೂರಿಸಿ, ಹೆಮ್ಮೆಯಿಂದ ವಿವರಿಸಿದ.

"ಮೇಡಂ, ಸೆಕೆಂಡ್ ಹ್ಯಾಂಡ್ ಫೋನು. ಅಕೌಂಟ್ ಹಾಕ್ದೆ ಒಂದ್ ಆ್ಯಪ್ಪೂ ಬರಲ್ಲ. ಒಬ್ಬೊಬ್ರಿಗೂ ಬೇರೆ ಬೇರೆ ಮಾಡ್ಕೊಟ್ರೆ ಪಾಸ್‌ವರ್ಡ್ ಮರ್ತೋಗಿ ನನ್ ತಲೆ ತಿಂತಾರೆ. ಅದಕ್ಕೆ ಎಲ್ರಿಗೂ ನಂದೇ ಹಾಕ್ಬಿಡ್ತೀನಿ. ಏನಾದ್ರೂ ಕೇಳುದ್ರೆ ನನ್ ಫೋನಿಗೇ ಬರುತ್ತೆ, ನಾನೇ ಹೌದು ಅಂತ ಒತ್ತಿಬಿಡ್ತೀನಿ. ಎಲ್ರೂ ನೆಮ್ದಿ. ನೀವೇ ಹೇಳಿ, ಒಂದೇ ಸಲಕ್ಕೆ ಆಗೋಗ್ಲಿ ಅಂತ ತಾನೇ ಎಲ್ರೂ ಕೇಳೋದು?"

ಅವನು ಹೇಳಿದ್ದು ನಮ್ಮ ಮ್ಯಾನೇಜರ್ ಮೀಟಿಂಗಿನಲ್ಲಿ ಹೇಳಿದ ಮಾತೇ. ಇವನಾದರೂ ಗಿರಾಕಿಯ ಮುಖ ನೋಡಿ, ಯಾರ ಮನೆಯವರು ಎಂದು ವಿಚಾರಿಸಿ ಫೋನ್ ಕೊಟ್ಟಿದ್ದ. ನಾವು ಅಷ್ಟನ್ನೂ ಮಾಡಿರಲಿಲ್ಲ. ಅವನು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಆಫೀಸಿಗೆ ಹೋಗಿ ಮ್ಯಾನೇಜರ್ ಮುಂದೆ ಎಲ್ಲವನ್ನೂ ಇಟ್ಟೆ. ತಪ್ಪು ನನ್ನದೆಂದೂ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಲಿಲ್ಲ.

"ಕೂಲ್ ಕೂಲ್. ಇದು ಎಡ್ಜ್ ಕೇಸ್ ಅಷ್ಟೇ, ಸಾವಿರಕ್ಕೊಂದು ಆಗೋದು. ಲೈವ್ ಡೇಟಾನ ಕೈಯಲ್ಲಿ ಮುಟ್ಟೋಕಾಗಲ್ಲ, ಆಡಿಟ್ ಇದೆ. ಅವ್ರಿಗೆ ಒಂದು ಕಂಪ್ಲೇಂಟ್ ಹಾಕೋಕೆ ಹೇಳಿ. ಪ್ರೊಸೆಸ್ ಪ್ರಕಾರ ಹೋಗೋಣ, ನೆಕ್ಸ್ಟ್ ಬ್ಯಾಚಲ್ಲಿ ಸೇರಿಸ್ಬಹುದು."

ದೂರು ಕೊಡುವ ಪುಟಕ್ಕೆ ಹೋಗಬೇಕಾದರೆ ಮೊದಲು ಲಾಗಿನ್ ಆಗಬೇಕು. ಆದರೂ ಒಂದು ಕೈ ನೋಡೋಣ ಎಂದು ಅವಳಿಗೆ ಫೋನ್ ಮಾಡಿ ದೂರು ಹಾಕಿಸಿದೆ. ನೀಲಿ ಗುಂಡಿ ಒತ್ತಿದಳು. ಒಳಗೆ ಹೋದಳು. ನನ್ನ ಗಂಟೆಗಳು ಬೇರೆಯವರ ಹೆಸರಿಗೆ ಹೋಗಿವೆ ಎಂದು ಬರೆದಳು. ಹತ್ತು ನಿಮಿಷದಲ್ಲಿ ದೂರು ನಮ್ಮ ಕಡೆ ಬಂತು, ಆ ಗಂಡಸಿನ ಹೆಸರಿನಲ್ಲಿ. ಅದನ್ನು ನೋಡಿದ ಇನ್ನೊಬ್ಬ ಸಹೋದ್ಯೋಗಿ, ನಿಮ್ಮ ಗಂಟೆಗಳು ನಿಮ್ಮ ಹೆಸರಿನಲ್ಲೇ ಸುರಕ್ಷಿತವಾಗಿವೆ, ಧನ್ಯವಾದ ಎಂದು ಉತ್ತರ ಬರೆದು ದೂರು ಮುಚ್ಚಿಬಿಟ್ಟ.

ನನಗೆ ಸಿಟ್ಟು ಬಂತು. ಸಿಟ್ಟು ಎಂದರೆ ಕಣ್ಣಲ್ಲಿ ನೀರು ಬರಿಸುವಂಥದ್ದು. ಆರು ತಿಂಗಳು ಎಂದರೆ ಇವರಿಗೆ ಕ್ಯಾಲೆಂಡರಿನ ಎರಡು ತ್ರೈಮಾಸಿಕ. ಅವಳಿಗೆ ಅದು ಇನ್ನಾರು ತಿಂಗಳು ತನಗಿಂತ ಕೆಟ್ಟದಾಗಿ ವೆಲ್ಡ್ ಮಾಡುವವರ ಕಸ ಕುಟ್ಟುವುದು. ಅದೂ ಯಾರ ತಪ್ಪಿಗೆ? ಒಂದು ದಿನವೂ ತಪ್ಪಿಸದ ಹೆಂಗಸು, ನಾನು ಒಂಬತ್ತು ದಿನದಲ್ಲಿ ಬರೆದ ಒಂದು ಸಾಲಿಗೆ ಬೆಲೆ ತೆರಬೇಕು, ಬರೆದ ನಾನು ಗಾಜಿನ ಕಟ್ಟಡದಲ್ಲಿ ಫಿಲ್ಟರ್ ಕಾಫಿ ಕುಡಿದುಕೊಂಡು ಇರಬೇಕು.

ನನ್ನ ಅಪ್ಪನೂ ಸರ್ಕಾರಿ ಕಾರ್ಖಾನೆಯವನೇ. ಅವನ ಕಾಲದಲ್ಲಿ ಗೇಟಿನ ಹತ್ತಿರ ಟೈಂ ಆಫೀಸಿನಲ್ಲಿ ಹಲಗೆಯ ಮೇಲೆ ಹಾಜರಿಯ ಹಿತ್ತಾಳೆ ಬಿಲ್ಲೆಗಳು ನೇತಾಡುತ್ತಿದ್ದವು, ಒಬ್ಬೊಬ್ಬರಿಗೆ ಒಂದು ನಂಬರು. ಒಮ್ಮೆ ಅಪ್ಪ ಆತುರದಲ್ಲಿ ಪಕ್ಕದವನ ಬಿಲ್ಲೆ ತೆಗೆದುಕೊಂಡು ಹೊರಟಿದ್ದನಂತೆ. ಟೈಂ ಆಫೀಸಿನವನು ಹಿಂದಿನಿಂದ ಕೂಗಿ, "ರೀ, ಅದು ನೀವಲ್ಲ" ಎಂದು ವಾಪಸ್ ಕರೆದನಂತೆ. ಅಪ್ಪ ಇದನ್ನು ಎಷ್ಟು ಸಲ ಹೇಳಿ ನಕ್ಕಿದ್ದಾನೋ ಲೆಕ್ಕವಿಲ್ಲ. ಅವತ್ತು ನನಗೆ ನಗು ಬರಲಿಲ್ಲ.

ಸಂಜೆ ಕೇಂದ್ರಕ್ಕೆ ಹೋಗಿ ಮೇಷ್ಟ್ರಿಗೆ ಆದದ್ದೆಲ್ಲ ಹೇಳಿದೆ. ನೀಲಿ ಗುಂಡಿ ಬರುವ ಮುಂಚಿನ ಗಂಟೆಗಳ ಹಳೆಯ ಪ್ರತಿ ನನ್ನ ಹತ್ತಿರ ಇತ್ತು. ಆಮೇಲಿನ ಮೂರು ತಿಂಗಳದ್ದು ಮಾತ್ರ ಸಾರಿನಲ್ಲಿ ಬಿದ್ದ ಉಪ್ಪು, ಯಾರದು ಎಷ್ಟು ಎಂದು ಬೇರೆ ಮಾಡಲು ಬರುವುದಿಲ್ಲ. "ಮೂರು ತಿಂಗಳಲ್ಲಿ ಯಾರ್ಯಾರು ಯಾವ ದಿನ ಬಂದ್ರು ಅಂತ ಎಲ್ಲಾದ್ರೂ ಬರೆದಿದೀರಾ ಮೇಷ್ಟ್ರೇ?" ಎಂದೆ.

"ಬರೆಯೋದ್ಯಾಕೆ, ನೀವೇ ಎಲ್ಲ ಬರ್ಕೋತೀವಿ ಅಂದ್ರಲ್ಲ" ಎಂದು ನನ್ನನ್ನು ಒಮ್ಮೆ ಚುಚ್ಚಿ, ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ಅಲ್ಲಿ ಕಬ್ಬಿಣದ ಕಪಾಟುಗಳಲ್ಲಿ ಅಂಗೈ ಅಗಲದ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿತ್ತು. ಪ್ರತಿ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಎರಡು ತುಂಡು ಪ್ಲೇಟನ್ನು ಕೂಡಿಸಿ ವೆಲ್ಡ್ ಮಾಡಬೇಕು. ಮಾಡಿದ ಮೇಲೆ ಮೂಲೆಯಲ್ಲಿ ತಮ್ಮ ನಂಬರನ್ನೂ ಅವತ್ತಿನ ತಾರೀಖನ್ನೂ ಅಂಕಿ ಕೆತ್ತಿದ ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಮೇಷ್ಟ್ರು ತಮ್ಮ ಹಳೆಯ ಕಾರ್ಖಾನೆಯಿಂದ ತಂದ ಪದ್ಧತಿ ಇದು. ಅಲ್ಲಿ ಬಾಯ್ಲರಿನ ಪ್ರತಿ ಬೆಸುಗೆಯ ಪಕ್ಕದಲ್ಲೂ ಮಾಡಿದವನ ನಂಬರ್ ಇರುತ್ತಿತ್ತು, ಮುಂದೆ ಬಿರುಕು ಬಿಟ್ಟರೆ ಯಾರನ್ನು ಕೇಳಬೇಕು ಎಂದು ಗೊತ್ತಾಗಲು. ವರ್ಷಕ್ಕೊಮ್ಮೆ ಗುಜರಿಯವನು ಬರುವ ತನಕ ಒಂದನ್ನೂ ಅವರು ಎಸೆಯುತ್ತಿರಲಿಲ್ಲ.

ಅವಳ ನಂಬರ್ ಹದಿನೇಳು. ಮೇಷ್ಟ್ರು ಒಂದು ಪ್ಲೇಟ್ ತೆಗೆದು ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, "ಅಂಕಿ ಬೇಡ, ನಾನು ಹಾಗೇ ಹೇಳ್ತೀನಿ. ಸಾಲು ನೋಡು, ಎಲ್ಲೂ ಆತುರ ಇಲ್ಲ. ಇದು ಅವಳ ಕೈ" ಎಂದರು. ಹೆಬ್ಬೆರಳು ತೆಗೆದರು. ಹದಿನೇಳು ಇತ್ತು.

ಅವಳ ಗಂಟೆಗಳನ್ನು ಕಟ್ಟಲು ಅವಳದೇ ಒಂದು ಖಾತೆ ಬೇಕಿತ್ತು. ಕೇಂದ್ರದ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಮಾಡಿದೆವು. ಹುಟ್ಟಿದ ದಿನ ಕೇಳಿತು. ಶಾಲೆಯಲ್ಲಿ ಬರೆಸಿದ್ದು ಜನವರಿ ಒಂದು, ಅವ್ವ ಹೇಳುವುದು ಸುಗ್ಗಿ ಹೊತ್ತು, ಯಾವುದು ಹಾಕಲಿ ಎಂದು ನನ್ನನ್ನೇ ಕೇಳಿದಳು. ಜನವರಿ ಒಂದು ಹಾಕಿದೆವು. ಕಂಪನಿ ತಕ್ಷಣ ಒಪ್ಪಿಕೊಂಡಿತು.

ಶುಕ್ರವಾರ ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದ ಮೇಲೆ ಡಬ್ಬಿ ತೆರೆಯದೆ ನನ್ನ ಜಾಗದಲ್ಲೇ ಕುಳಿತೆ. ಆ ಕಡೆ ಮೇಷ್ಟ್ರು ಫೋನ್ ಹಿಡಿದಿದ್ದರು. ಅವಳು ಶೆಡ್ಡಿನಲ್ಲಿ ಅರ್ಧ ದಿನ ರಜೆ ಹಾಕಿ ಬಂದು ಪ್ಲೇಟುಗಳನ್ನು ಒಂದೊಂದಾಗಿ ತೆಗೆದುಕೊಡುತ್ತಿದ್ದಳು. ಮೇಷ್ಟ್ರು ನಂಬರು, ತಾರೀಖು ಓದುತ್ತಿದ್ದರು. ನಾನು ಒಂದು ಪ್ಲೇಟಿಗೆ ಎರಡು ಗಂಟೆಯಂತೆ ಬರೆಯುತ್ತಿದ್ದೆ. ಅವಳೊಬ್ಬಳದನ್ನೇ ಮಾಡಿ ಮುಗಿಸಬಹುದಿತ್ತು. ಆದರೆ ಹದಿನೇಳರ ಪ್ಲೇಟುಗಳು ಮುಗಿದ ಮೇಲೆ ಅವಳೇ, "ಉಳಿದವ್ರದೂ ಬರಸ್ರೀ, ನಾಳಿ ಅವ್ರ ಗತಿ ಏನು" ಎಂದದ್ದು ಫೋನಿನಲ್ಲಿ ಕೇಳಿಸಿತು. ಒಂದೊಂದು ಪ್ಲೇಟ್ ಕೆಳಗಿಟ್ಟಾಗಲೂ ಠಣ್ ಎನ್ನುತ್ತಿತ್ತು. ಊಟ ಮುಗಿಸಿ ಬಂದವರು ನನ್ನ ಫೋನಿನ ಸದ್ದು ಕೇಳಿ ತಿರುಗಿ ನೋಡಿ ಹೋದರು.

ನಾಲ್ಕೂವರೆಗೆ ಮುಗಿಯಿತು. ನನ್ನ ನಿಯಮದ ಸಾಲನ್ನು ಅಳಿಸಿದೆ. ಹನ್ನೊಂದು ಜನ ಮತ್ತೆ ಹನ್ನೊಂದು ಜನವಾದರು. ಪಟ್ಟಿಯಲ್ಲಿ ಆ ಗಂಡಸಿನ ಹೆಸರು ಹೋಗಿ ಅವಳ ಹೆಸರು ಬಂತು. ಕದ್ದು ಮಾಡಿದೆ ಎನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಮ್ಯಾನೇಜರ್‌ಗೆ ನಾನೇ ಮೇಲ್ ಬರೆದೆ: ಲೈವ್ ಡೇಟಾವನ್ನು ಕೈಯಿಂದ ಮುಟ್ಟಿದ್ದೇನೆ, ಆಧಾರವಾಗಿ ಕಬ್ಬಿಣದ ಪ್ಲೇಟುಗಳಿವೆ, ಆಡಿಟ್‌ನವರಿಗೆ ಬೇಕಾದರೆ ಲಾರಿಯಲ್ಲಿ ತರಿಸುತ್ತೇನೆ. ಕೊನೆಯ ವಾಕ್ಯ ಬೇಕಿರಲಿಲ್ಲ ಎಂದು ಮನೆಯಲ್ಲಿ ಹೇಳಿದರು. ನನಗೆ ಈಗಲೂ ಬೇಕಿತ್ತು ಅನ್ನಿಸುತ್ತದೆ.

ಶನಿವಾರ ಪರೀಕ್ಷೆ ನೋಡಲು ಹೋದೆ. ಹೊರಗಿನಿಂದ ಬಂದ ಪರೀಕ್ಷಕರು ಅವಳ ಮುಖ ನೋಡಿದರು, ಕೈಯಲ್ಲಿದ್ದ ಪಟ್ಟಿ ನೋಡಿದರು, "ಶುರು ಮಾಡಮ್ಮ" ಎಂದರು. ಅಷ್ಟೇ. ಅವಳು ಮುಖಕ್ಕೆ ಗುರಾಣಿ ಇಳಿಸಿಕೊಂಡಳು. ಕಿಟಕಿಯ ಆಚೆ ನಿಂತು ನಾನು ಕಣ್ಣು ಬೇರೆ ಕಡೆ ತಿರುಗಿಸಿಕೊಂಡಿದ್ದೆ, ಬೆಳಕು ಗೋಡೆಯ ಮೇಲೆ ಕುಣಿಯುವುದಷ್ಟೇ ಕಾಣುತ್ತಿತ್ತು. ಆಮೇಲೆ ಅವಳ ಪ್ಲೇಟನ್ನು ಪ್ರೆಸ್ಸಿಗೆ ಕೊಟ್ಟು ಕುದುರೆಲಾಳದ ಹಾಗೆ ಬಗ್ಗಿಸಿದರು. ಪರೀಕ್ಷಕರು ಬಗ್ಗಿದ ಜಾಗವನ್ನು ಬೆಳಕಿಗೆ ಹಿಡಿದು ಎರಡೂ ಕಡೆಯಿಂದ ನೋಡಿದರು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮೇಷ್ಟ್ರು ಹೊರಗೆ ಬಂದು ನನ್ನ ಪಕ್ಕ ನಿಂತು ಮೂಗು ಒರೆಸಿಕೊಂಡರು, ಹೊಗೆ ಜಾಸ್ತಿ ಅಂದರು.

ಸೋಮವಾರ ನನ್ನ ಲಾಗಿನ್ ಕಿತ್ತುಕೊಂಡಿದ್ದರು. ಎರಡು ದಿನ ಖಾಲಿ ಪರದೆ ನೋಡಿಕೊಂಡು ಕೂತಿದ್ದೆ. ಮೂರನೆಯ ದಿನ ಬೇರೇನೋ ಕೆಟ್ಟು ಸರಿ ಮಾಡುವವರು ಯಾರೂ ಇಲ್ಲದೆ ವಾಪಸ್ ಕೊಟ್ಟರು. ಅದರ ಬಗ್ಗೆ ಇಷ್ಟು ಸಾಕು.

ನನ್ನ ರಕ್ತ ನಿಜವಾಗಿ ಕುದಿದದ್ದು ತಿಂಗಳಾದ ಮೇಲೆ, ಅವಳ ಪ್ರಮಾಣಪತ್ರ ಅಚ್ಚಾಗಿ ಬಂದಾಗ. ಅದೂ ನಮ್ಮ ವೆಬ್‌ಸೈಟಿನಿಂದಲೇ ಬರುತ್ತದೆ. ಮೇಲೆ ಅವಳ ಹೆಸರು, ಮಧ್ಯೆ ವೆಲ್ಡರ್ ಎಂಬ ಪದ, ಪರೀಕ್ಷಕರ ಸಹಿ. ಎಲ್ಲಕ್ಕಿಂತ ಕೆಳಗೆ ಮ್ಯಾನೇಜರ್ ಹೊಸದಾಗಿ ಸೇರಿಸಿದ ಒಂದು ಸಾಲು: ಇವರ ಗುರುತನ್ನು ದೃಢೀಕರಿಸಿದವರು, ಎಂದು ಬರೆದು ಆ ವಿದೇಶಿ ಕಂಪನಿಯ ಹೆಸರು ಮತ್ತು ಚಿಹ್ನೆ. ಒಂದು ವರ್ಷ ದಿನಾ ಅವಳ ಕೈ ಹಿಡಿದು ಕಲಿಸಿದ ಮೇಷ್ಟ್ರ ಹೆಸರು ಎಲ್ಲೂ ಇಲ್ಲ. ಪರೀಕ್ಷೆಗೆ ಎರಡು ದಿನ ಮುಂಚೆ ಮೆಟ್ಟಿಲ ಮೇಲೆ ಹುಟ್ಟಿದ ಖಾತೆ, ಇವಳು ಇವಳೇ ಎಂದು ಸಾಕ್ಷಿ ಹೇಳುತ್ತಿತ್ತು. ತೆಗೆಯಿರಿ ಎಂದು ಜಗಳವಾಡಿದೆ. "ಟ್ರಸ್ಟ್ ಬರುತ್ತೆ ಮೇಡಂ, ಇರ್ಲಿ ಬಿಡಿ" ಎಂದ. ಮೂರು ಸಲ ಬರೆದೆ. ಮೂರು ಸಲವೂ ಅದೇ ಉತ್ತರ. ಆ ಸಾಲು ಇವತ್ತಿಗೂ ಎಲ್ಲರ ಪ್ರಮಾಣಪತ್ರದಲ್ಲೂ ಇದೆ.

ಮೊನ್ನೆ ಅವಳು ಒತ್ತಾಯ ಮಾಡಿ ರೂಮಿಗೆ ಕರೆದಳು. ಈಗ ಅವಳ ಶೆಡ್ಡಿನಲ್ಲಿ ಅವಳೇ ವೆಲ್ಡರ್. ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟಳು. ಗೋಡೆಯ ಮೇಲೆ ಪ್ರಮಾಣಪತ್ರ ತೂಗುತ್ತಿತ್ತು. ಚೌಕಟ್ಟು ಅವಳೇ ಮಾಡಿದ್ದು, ಕಬ್ಬಿಣದ ಪಟ್ಟಿ ಕತ್ತರಿಸಿ ನಾಲ್ಕು ಮೂಲೆ ಬೆಸೆದು. ಮೇಲಿನ ಮತ್ತು ಪಕ್ಕದ ಮೂರು ಪಟ್ಟಿ ಬೆರಳಗಲ. ಕೆಳಗಿನದು ಮಾತ್ರ ಎರಡು ಬೆರಳು ಹೆಚ್ಚು ಅಗಲ.

ಯಾಕೆ ಹೀಗೆ ಎಂದು ಕೇಳುವಷ್ಟರಲ್ಲಿ ನನಗೇ ಕಂಡಿತು. ಕಂಪನಿಯ ಹೆಸರಿದ್ದ ಸಾಲು ಆ ಪಟ್ಟಿಯ ಹಿಂದೆ ಹೋಗಿತ್ತು.

"ಮೇಷ್ಟ್ರ ಕಡಿಂದ ಪಂಚ್ ಇಸ್ಕೊಂಡ್ ಬಂದಿದ್ನ್ರೀ" ಎಂದಳು, ರೊಟ್ಟಿ ತಟ್ಟುತ್ತಲೇ.

ಎದ್ದು ಹತ್ತಿರ ಹೋಗಿ ನೋಡಿದೆ. ಅಗಲ ಪಟ್ಟಿಯ ಎಡಕ್ಕೆ ಮೇಷ್ಟ್ರು ಹಳೆಯ ಕಾರ್ಖಾನೆಯಲ್ಲಿ ತಮ್ಮ ಬೆಸುಗೆಗೆ ಹಾಕುತ್ತಿದ್ದ ನಂಬರು, ಬಲಕ್ಕೆ ಹದಿನೇಳು, ಎರಡನ್ನೂ ಆಳವಾಗಿ ಹೊಡೆದಿದ್ದಳು.